ಮೊದಲು ಯಾರ ಹತ್ತಿರ ಹೋಗ್ತೀರಿ? - ನರ್ಸಿಂಗ್ ಪರೀಕ್ಷೆಯಿಂದ ಒಂದು ಪಾಠ



ನಮ್ಮ ಕೂಟದ ಈ-ಪತ್ರದಲ್ಲಿ ಅಡುಗೆ ಬಂತು, ಪ್ರವಾಸ ಬಂತು, ಟ್ಯಾಕ್ಸ್ ಕಟ್ಟುವ ವಿಧಾನವೂ ಬಂತು. "ನಿಮ್ಮ ಕಸುಬಿನ ಬಗ್ಗೆ ಒಂದು ಪಾಠ ಬರೆದುಕೊಡಿ" ಅಂತ ಸಂಪಾದಕರು ನನ್ನ ಬೆನ್ನು ಹತ್ತಿ ಮೂರು ತಿಂಗಳಾಯ್ತು. ನಾನು ನರ್ಸು. ರೋಗಿಯ ಚಾರ್ಟ್ ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ಆದ್ದರಿಂದ ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ: ಈ ದೇಶದಲ್ಲಿ ನರ್ಸ್ ಆಗುವವರನ್ನು ಹೇಗೆ ಪರೀಕ್ಷೆ ಮಾಡುತ್ತಾರೆ, ಆ ಪರೀಕ್ಷೆಯಿಂದ ನರ್ಸ್ ಅಲ್ಲದವರೂ ಏನು ಕಲಿಯಬಹುದು ಅಂತ. ಮಧ್ಯೆ ಐದು ಪ್ರಶ್ನೆಗಳಿವೆ. ಪೆನ್ನು, ಹಾಳೆ ಹತ್ತಿರ ಇಟ್ಟುಕೊಳ್ಳಿ!

ನಮ್ಮ ಮನೆಯ ಊಟದ ಟೇಬಲ್ಲಿನ ಸುತ್ತ ಶನಿವಾರ ಬೆಳಿಗ್ಗೆ ಮೂರು ಹುಡುಗಿಯರು ಸೇರುತ್ತಾರೆ. ಇಬ್ಬರು ಇಲ್ಲೇ ಹುಟ್ಟಿ ಬೆಳೆದವರು. ನಮ್ಮೂರಿನ ಓಲೋನಿ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿನಿಯರು. ಅವರ ತರಗತಿ ಪಕ್ಕದ ನ್ಯೂವಾರ್ಕ್‌ನಲ್ಲಿ. ನನ್ನನ್ನು "ಆಂಟಿ" ಅನ್ನುತ್ತಾರೆ. ಮೂರನೆಯವಳು ಹುಬ್ಬಳ್ಳಿಯವಳು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಅವಳಿಗೆ ನಾನು "ಅಕ್ಕಾ". ಮೂವರ ಗುರಿಯೂ ಒಂದೇ, ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ. ಅಮೆರಿಕದಲ್ಲಿ ಯಾವ ರಾಜ್ಯದಲ್ಲಿ ನರ್ಸ್ ಆಗಬೇಕಾದರೂ ಇದನ್ನು ದಾಟಲೇಬೇಕು. ಕ್ಯಾಲಿಫೋರ್ನಿಯಾದಲ್ಲಾದರೆ ಸ್ಯಾಕ್ರಮೆಂಟೋದಲ್ಲಿರುವ ನರ್ಸಿಂಗ್ ಬೋರ್ಡ್ ನಮ್ಮ ಓದಿನ ದಾಖಲೆಗಳನ್ನೆಲ್ಲ ನೋಡಿ, "ನೀನು ಪರೀಕ್ಷೆಗೆ ಕೂರಬಹುದು" ಅಂತ ಮೊದಲು ಅನುಮತಿ ಕೊಡಬೇಕು.

ಮೊದಲ ವಾರವೇ ಹುಬ್ಬಳ್ಳಿ ಹುಡುಗಿ ಹತ್ತು ಪ್ರಶ್ನೆ ಮಾಡಿ ಪೆನ್ನು ಕೆಳಗಿಟ್ಟಳು. "ಅಕ್ಕಾ, ಇದೆಂಥಾ ಪರೀಕ್ಷಾ ರೀ? ನಾಲ್ಕೂ ಉತ್ತರ ಖರೇನ ಅದಾವಲ್ರೀ!"

ನನಗೆ ನಗು ಬಂತು. ಯಾಕೆಂದರೆ ಇದೇ ಮಾತನ್ನು 2011ರಲ್ಲಿ ನಾನೂ ಹೇಳಿದ್ದೆ. ಅದೂ ಫೇಲಾದ ಮೇಲೆ!

ನಾನು ಓದಿದ್ದು ಬೆಂಗಳೂರಿನಲ್ಲಿ. ಅಲ್ಲಿ ನಮ್ಮ ಪ್ರಶ್ನೆಪತ್ರಿಕೆಗಳು ಹೀಗಿರುತ್ತಿದ್ದವು: "ನ್ಯುಮೋನಿಯಾ ಎಂದರೇನು? ಅದರ ಲಕ್ಷಣಗಳನ್ನು ಪಟ್ಟಿ ಮಾಡಿ. ಶುಶ್ರೂಷೆಯನ್ನು ವಿವರಿಸಿ." ನಾನು ಪುಟಗಟ್ಟಲೆ ಬರೆಯುತ್ತಿದ್ದೆ, ಒಳ್ಳೆಯ ಅಂಕವೂ ಬರುತ್ತಿತ್ತು. 2009ರಲ್ಲಿ ಮದುವೆಯಾಗಿ ಫ್ರೀಮಾಂಟ್‌ಗೆ ಬಂದೆ. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿಲ್ಲ. ಮನೆಯಲ್ಲಿ ಕೂತು ದಪ್ಪ ದಪ್ಪ ಪುಸ್ತಕ ಉರು ಹೊಡೆದೆ. ಪರೀಕ್ಷೆಯ ದಿನ ಕಂಪ್ಯೂಟರ್ ನನ್ನನ್ನು "ನ್ಯುಮೋನಿಯಾ ಎಂದರೇನು" ಅಂತ ಕೇಳಲೇ ಇಲ್ಲ. ನ್ಯುಮೋನಿಯಾ ಇರುವವರೊಬ್ಬರು, ಜೊತೆಗೆ ಇನ್ನೂ ಮೂವರು ಇದ್ದಾರೆ, ಮೊದಲು ಯಾರ ಹತ್ತಿರ ಹೋಗ್ತೀಯಾ ಅಂತ ಕೇಳಿತು. ಗೊತ್ತಿದ್ದದ್ದೆಲ್ಲ ತಲೆಯಲ್ಲೇ ಇತ್ತು. ಯಾವುದನ್ನು ಮೊದಲು ಎತ್ತಿಕೊಳ್ಳಬೇಕು ಅನ್ನುವುದೇ ಗೊತ್ತಿರಲಿಲ್ಲ.

ಈ ಕಂಪ್ಯೂಟರ್ ಪ್ರಶ್ನೆ ಕೇಳುವ ರೀತಿಯೂ ವಿಚಿತ್ರ. 1994ರ ಏಪ್ರಿಲ್‌ವರೆಗೆ ಇದು ಪೆನ್ಸಿಲ್-ಕಾಗದದ ಪರೀಕ್ಷೆಯಾಗಿತ್ತು, ಆಮೇಲೆ ಕಂಪ್ಯೂಟರಿಗೆ ಬಂತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು ಬರುತ್ತದೆ, ತಪ್ಪಿದರೆ ಸ್ವಲ್ಪ ಸುಲಭದ್ದು. ನಮ್ಮೂರ ಶೆಟ್ಟರ ಅಂಗಡಿಯ ತಕ್ಕಡಿ ನೆನಪಿದೆಯಾ? ಒಂದು ಬಟ್ಟು ಹಾಕಿ, ತೆಗೆದು, ಚಿಕ್ಕದು ಹಾಕಿ, ಮುಳ್ಳು ನಿಲ್ಲುವ ತನಕ ತೂಗುತ್ತಿದ್ದರಲ್ಲ, ಹಾಗೆ. ನಿಮ್ಮ ಮಟ್ಟ ಪಾಸಿನ ಗೆರೆಯ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಶೇಕಡಾ 95ರಷ್ಟು ಖಚಿತವಾದ ತಕ್ಷಣ ಪರದೆ ಆಫ್! ಹಿಂದಿನ ಪ್ರಶ್ನೆಗೆ ಮರಳಿ ಹೋಗಿ ತಿದ್ದುವ ಹಾಗಿಲ್ಲ. ನನ್ನ ಕಾಲದಲ್ಲಿ ಕನಿಷ್ಠ 75, ಗರಿಷ್ಠ 265 ಪ್ರಶ್ನೆ, ಆರು ಗಂಟೆ. 2023ರ ಏಪ್ರಿಲ್‌ನಲ್ಲಿ ಬಂದ ಹೊಸ ರೂಪದಲ್ಲಿ 85ರಿಂದ 150 ಪ್ರಶ್ನೆ, ಐದು ಗಂಟೆ. ಫೇಲಾದವರು ಮತ್ತೆ ಕೂರಲು 45 ದಿನ ಕಾಯಬೇಕು. ಆ 45 ದಿನ ನಾನು ಯಾವ ಹಬ್ಬಕ್ಕೂ ಕೂಟಕ್ಕೂ ಬರಲಿಲ್ಲ. ಯಾರಾದರೂ "ಏನಾಯ್ತು ರಿಸಲ್ಟ್?" ಅಂತ ಕೇಳಿದರೆ ಅನ್ನುವ ಭಯ!

"ಯಾರ ಹತ್ತಿರ ಮೊದಲು" ಅನ್ನುವುದೇ ಯಾಕೆ ಇಷ್ಟು ದೊಡ್ಡ ಪ್ರಶ್ನೆ? ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತ ಕಾನೂನಿನಲ್ಲೇ ಬರೆದ ಮೊದಲ ರಾಜ್ಯ ನಮ್ಮ ಕ್ಯಾಲಿಫೋರ್ನಿಯಾ. ಕಾನೂನು ಆದದ್ದು 1999ರಲ್ಲಿ, ಜಾರಿಗೆ ಬಂದದ್ದು 2004ರಲ್ಲಿ. ಸಾಮಾನ್ಯ ವಾರ್ಡಿನಲ್ಲಿ ಒಬ್ಬರಿಗೆ ಹೆಚ್ಚೆಂದರೆ ಐದು ರೋಗಿಗಳು, ತೀವ್ರ ನಿಗಾ ಘಟಕದಲ್ಲಿ ಇಬ್ಬರು. ಐದೇ ಜನ ಅಂದುಕೊಳ್ಳಬೇಡಿ. ಐವರೂ ಒಂದೇ ಸಲ ಗಂಟೆ ಒತ್ತಿದಾಗ ನಮಗಿರುವುದು ಎರಡೇ ಕಾಲು!

ಸರಿ, ಈಗ ನಿಮ್ಮ ಸರದಿ. ಇವು ನಮ್ಮ ಶನಿವಾರದ ಗುಂಪಿಗಾಗಿ ನಾನೇ ಹೆಣೆದ ಪ್ರಶ್ನೆಗಳು, ಪರೀಕ್ಷೆಯವಲ್ಲ. ಉತ್ತರ ಕೆಳಗಿದೆ, ಈಗಲೇ ಇಣುಕಬೇಡಿ.

ಪ್ರಶ್ನೆ 1: ನಿಮ್ಮ ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡುತ್ತೀರಿ?
ಅ) ಆಪರೇಷನ್ ಆಗಿ ಎರಡನೇ ದಿನ. ನೋವು ಹತ್ತಕ್ಕೆ ಏಳು ಅನ್ನುತ್ತಿದ್ದಾರೆ, ಮಾತ್ರೆ ಬೇಕಂತೆ.
ಆ) ಬಹಳ ವರ್ಷ ಸಿಗರೇಟು ಸೇದಿ ಶ್ವಾಸಕೋಶ ಕೆಟ್ಟಿರುವ ಸಿ.ಓ.ಪಿ.ಡಿ. ರೋಗಿ. ಸ್ವಲ್ಪ ಆಕ್ಸಿಜನ್ ಹಾಕಿದೆ, ರಕ್ತದ ಆಕ್ಸಿಜನ್ ಶೇಕಡಾ 90.
ಇ) ಸಕ್ಕರೆ ಕಾಯಿಲೆಯವರು. ಬೆವರುತ್ತಿದ್ದಾರೆ, "ಇದು ಯಾವ ಊರು?" ಅಂತ ಕೇಳುತ್ತಿದ್ದಾರೆ.
ಈ) ಮನೆಗೆ ಹೊರಟವರು. ಮಗ ಕಾರು ತಂದು ಅರ್ಧ ಗಂಟೆಯಿಂದ ಕಾಯುತ್ತಿದ್ದಾನೆ, ಸಿಟ್ಟಾಗಿದ್ದಾನೆ.

ಪ್ರಶ್ನೆ 2: ಆ ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ 58. ಎಚ್ಚರ ಇದೆ, ನುಂಗಲು ಬರುತ್ತದೆ. ಮೊದಲು ಏನು ಕೊಡುತ್ತೀರಿ?
ಅ) ಎರಡು ಚಪಾತಿ, ಪಲ್ಯ
ಆ) ಅರ್ಧ ಕಪ್ ಕಿತ್ತಳೆ ಜ್ಯೂಸ್
ಇ) ಒಂದು ಚಾಕಲೇಟ್ ಬಾರ್
ಈ) ಡಯಟ್ ಸೋಡಾ

ಪ್ರಶ್ನೆ 3: ನಿಮ್ಮ ಕೈಕೆಳಗೆ ಒಬ್ಬ ನರ್ಸಿಂಗ್ ಸಹಾಯಕಿ ಇದ್ದಾರೆ. ಯಾವ ಕೆಲಸ ಅವರಿಗೆ ಒಪ್ಪಿಸಬಹುದು?
ಅ) ನಿನ್ನೆ ಪಾರ್ಶ್ವವಾಯು ಆದವರಿಗೆ ಮೊದಲ ಸಲ ಊಟ ಮಾಡಿಸುವುದು
ಆ) ಹೊಸದಾಗಿ ಇನ್ಸುಲಿನ್ ಶುರು ಮಾಡಿದವರಿಗೆ ಚುಚ್ಚಿಕೊಳ್ಳುವುದನ್ನು ಕಲಿಸುವುದು
ಇ) ಸ್ಥಿತಿ ಸ್ಥಿರವಾಗಿರುವ ರೋಗಿಗೆ ಸ್ನಾನ ಮಾಡಿಸುವುದು
ಈ) ಈಗಷ್ಟೇ ಆಪರೇಷನ್ ಥಿಯೇಟರಿನಿಂದ ಬಂದವರನ್ನು ಮೊದಲ ಬಾರಿ ಪರೀಕ್ಷಿಸುವುದು

ಪ್ರಶ್ನೆ 4: ಊರಿನಿಂದ ಬಂದ ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ. ಆಪರೇಷನ್ ಬಗ್ಗೆ ಡಾಕ್ಟರ್ ವಿವರಿಸಬೇಕು. ಸೊಸೆ "ನಾನೇ ಹೇಳ್ತೀನಿ ಬಿಡಿ" ಅನ್ನುತ್ತಾಳೆ. ನರ್ಸ್ ಏನು ಮಾಡಬೇಕು?
ಅ) ಸೊಸೆಗೇ ಬಿಡುವುದು
ಆ) ಇಂಗ್ಲಿಷ್ ಬರುವ ಹನ್ನೆರಡು ವರ್ಷದ ಮೊಮ್ಮಗನನ್ನು ಕರೆಯುವುದು
ಇ) ಕೈಸನ್ನೆ, ಚಿತ್ರಗಳ ಮೂಲಕ ವಿವರಿಸುವುದು
ಈ) ತರಬೇತಿ ಪಡೆದ ದುಭಾಷಿಯನ್ನು ಫೋನಿನಲ್ಲೋ ವಿಡಿಯೋದಲ್ಲೋ ತರಿಸುವುದು

ಪ್ರಶ್ನೆ 5: ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿರುವ ಹಿರಿಯರು ಹೇಳುತ್ತಾರೆ: "ನಾನಿನ್ನು ಇದ್ದು ಯಾರಿಗೇನು ಉಪಯೋಗಮ್ಮಾ." ನೀವು ಏನು ಹೇಳುತ್ತೀರಿ?
ಅ) "ಛೆ ಛೆ, ಹಾಗೆಲ್ಲ ಅನ್ನಬಾರದು ಅಂಕಲ್."
ಆ) "ಚಿನ್ನದಂಥ ಮೊಮ್ಮಕ್ಕಳಿದ್ದಾರೆ, ಅವರ ಮುಖ ನೋಡಿ."
ಇ) "ಸಾಯಬೇಕು ಅಂತ ಅನ್ನಿಸ್ತಿದೆಯಾ? ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ?"
ಈ) "ಡಾಕ್ಟರ್ ಬಂದಾಗ ಅವರ ಹತ್ತಿರ ಹೇಳಿ."

ಬರೆದುಕೊಂಡಿರಾ? ಈಗ ಉತ್ತರಗಳು.

ಮೊದಲನೆಯದಕ್ಕೆ (ಇ). ನಮ್ಮ ಓಲೋನಿ ಹುಡುಗಿಯರಿಬ್ಬರೂ (ಆ) ಅಂದರು. ಕಾರಣವೂ ಇತ್ತು. "ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ" ಅನ್ನುವುದು ನರ್ಸುಗಳ ಗಾಯತ್ರಿ ಮಂತ್ರ. ಆಕ್ಸಿಜನ್ 90 ಅಂದ ಕೂಡಲೇ ಅಲ್ಲಿಗೆ ಓಡಿದರು. ಆದರೆ ಸಿ.ಓ.ಪಿ.ಡಿ. ರೋಗಿಗೆ ಸಾಮಾನ್ಯವಾಗಿ ಡಾಕ್ಟರು ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅವರ ಮಟ್ಟಿಗೆ 90 ಹೊಸ ಸುದ್ದಿಯಲ್ಲ. ಆಪರೇಷನ್ ಆದವರಿಗೆ ನೋವಿರುವುದೂ ನಿರೀಕ್ಷಿತವೇ. ಅವರಿಗೂ ಬೇಗ ಹೋಗಬೇಕು, ಆದರೆ ಎರಡನೆಯದಾಗಿ. ಬೆವರು, ಜೊತೆಗೆ ಗೊಂದಲ... ಇದು ಈಗ ಶುರುವಾದದ್ದು, ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಮಂತ್ರ ಗೊತ್ತಿದ್ದರೆ ಸಾಲದು. ಎದುರಿಗಿರುವ ಮನುಷ್ಯನಿಗೆ ಯಾವುದು ಮಾಮೂಲು, ಯಾವುದು ಹೊಸದು ಅಂತಲೂ ನೋಡಬೇಕು.

ಎರಡನೆಯದಕ್ಕೆ (ಆ). ಸಕ್ಕರೆ 70ಕ್ಕಿಂತ ಕೆಳಗಿಳಿದರೆ 15ರ ಲೆಕ್ಕ: ಬೇಗ ರಕ್ತಕ್ಕೆ ಸೇರುವ 15 ಗ್ರಾಂ ಸಿಹಿ ಕೊಡಿ, 15 ನಿಮಿಷ ಕಾಯಿರಿ, ಮತ್ತೆ ಪರೀಕ್ಷಿಸಿ. ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡಿ. ಅರ್ಧ ಕಪ್ ಜ್ಯೂಸ್ ಅಥವಾ ಒಂದು ದೊಡ್ಡ ಚಮಚ ಸಕ್ಕರೆ ಸಾಕು. ಚಾಕಲೇಟಿನಲ್ಲಿ ಕೊಬ್ಬಿರುವುದರಿಂದ ಸಿಹಿ ನಿಧಾನವಾಗಿ ಸೇರುತ್ತದೆ. ಚಪಾತಿ ಆಮೇಲೆ. ಡಯಟ್ ಸೋಡಾದಲ್ಲಿ ಸಕ್ಕರೆಯೇ ಇಲ್ಲ! ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 911ಕ್ಕೆ ಫೋನ್ ಮಾಡಿ.

ಮೂರನೆಯದಕ್ಕೆ (ಇ). ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಕುಂದಿರಬಹುದು, ಅನ್ನ ಶ್ವಾಸನಾಳಕ್ಕೆ ಹೋಗಬಹುದು. ಅದನ್ನು ಮೊದಲು ಪರೀಕ್ಷಿಸಿ ನೋಡಬೇಕು. ಕಲಿಸುವುದು, ಮೊದಲ ಬಾರಿ ಪರೀಕ್ಷಿಸುವುದು, ತೀರ್ಮಾನ ಮಾಡುವುದು, ಇವು ನರ್ಸಿನ ಕೆಲಸಗಳು, ಬೇರೆಯವರಿಗೆ ದಾಟಿಸುವಂತಿಲ್ಲ. ಈ ಪ್ರಶ್ನೆಯಲ್ಲಿ ಹುಬ್ಬಳ್ಳಿ ಹುಡುಗಿ ಎಡವಿದಳು. "ನಮ್ಮ ಕಡೆ ಸ್ನಾನ, ಊಟ ಎಲ್ಲಾ ಮನೀಮಂದೀನ ಮಾಡಿಸ್ತಾರ್ರೀ ಅಕ್ಕಾ, ಯಾರಿಗೆ ಒಪ್ಪಸೋದು ಅನ್ನೋ ವಿಚಾರನ ಬರಂಗಿಲ್ಲ" ಅಂದಳು. ನಿಜ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕದಲ್ಲಿ ಅಮ್ಮನೋ ಅಕ್ಕನೋ ಇದ್ದೇ ಇರುತ್ತಾರೆ. ಇಲ್ಲಿ ಆ ಜಾಗದಲ್ಲಿ ಇರುವುದು ಸಂಬಳದ ಸಹಾಯಕರು.

ನಾಲ್ಕನೆಯದಕ್ಕೆ (ಈ). ಇದನ್ನು ನಮ್ಮ ಕೂಟದ ಎಲ್ಲರೂ ನೆನಪಿಡಿ. ಸೊಸೆ ಒಳ್ಳೆಯವಳೇ ಇರಬಹುದು. ಆದರೆ "ಅತ್ತೆ ಹೆದರುತ್ತಾರೆ" ಅಂತ ಅರ್ಧ ಹೇಳಿ ಅರ್ಧ ಬಿಡುತ್ತಾಳೆ. ಅಜ್ಜಿಯೂ ಸೊಸೆಯ ಎದುರಿಗೆ ಮೂತ್ರದ ತೊಂದರೆ ಹೇಳಿಕೊಳ್ಳುವುದಿಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು ಅಂತ ಇಲ್ಲಿನ ಕೇಂದ್ರ ಕಾನೂನೇ ಇದೆ. "ಕನ್ನಡ ದುಭಾಷಿ ಬೇಕು" ಅಂತ ಧೈರ್ಯವಾಗಿ ಕೇಳಿ. "ಇಂಡಿಯನ್" ಅಂದರೆ ಹಿಂದಿಯವರನ್ನು ಕರೆಸಿಬಿಟ್ಟಾರು!

ಐದನೆಯದಕ್ಕೆ (ಇ). ನಾನು ಅಭ್ಯಾಸ ಮಾಡುವಾಗ ಈ ಥರದ ಪ್ರಶ್ನೆಗಳಲ್ಲೇ ಹೆಚ್ಚು ತಪ್ಪಿದ್ದು. ನಮ್ಮಲ್ಲಿ ಹಿರಿಯರು ಹಾಗಂದರೆ "ಬಿಡ್ತು ಅನ್ನಿ" ಅಂತ ಮಾತು ತಿರುಗಿಸುವುದೇ ಮರ್ಯಾದೆ. ಆದರೆ "ಹಾಗನ್ನಬಾರದು" ಅಂದ ಕೂಡಲೇ ಅವರ ಬಾಯಿ ಮುಚ್ಚಿಸಿದ ಹಾಗಾಯ್ತು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ತಪ್ಪು ಕಲ್ಪನೆ. ಕೇಳಿದರೆ ಅವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಇಲ್ಲಿ 988 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಊರಿನಲ್ಲಿರುವವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಐದಕ್ಕೆ ಎಷ್ಟು ಬಂತು? ಐದೂ ಸರಿಯಾಗಿದ್ದರೆ ಬೀಗಬೇಡಿ. ಯಾಕೆ ಅಂತ ಈಗ ಹೇಳುತ್ತೇನೆ.

ಎರಡನೇ ಪ್ರಯತ್ನದಲ್ಲಿ, 2012ರ ಮಾರ್ಚ್‌ನಲ್ಲಿ, ನಾನು ಪಾಸಾದೆ. ಅದೇ ವರ್ಷ ಡಿಸೆಂಬರ್. ಶನಿವಾರ ಸಂಜೆ ಏಳು ಗಂಟೆ, ಅಂದರೆ ತೀರ್ಥಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಅಮ್ಮನಿಗೆ ಮಾಮೂಲಿನಂತೆ ಫೋನ್ ಮಾಡಿದೆ. ದನಿ ಸಣ್ಣಗಿತ್ತು. "ಏನಿಲ್ಲ ಕಣೇ, ರಾತ್ರಿಯಿಂದ ಸ್ವಲ್ಪ ಗ್ಯಾಸು. ತೇಗು ಬರ್ತಿದೆ. ದವಡೆ ಹಿಡ್ಕೊಂಡಂಗಿದೆ. ಸುಸ್ತು. ಮೈಯೆಲ್ಲ ಬೆವರು. ನೀನು ಊಟ ಮಾಡಿದ್ಯಾ?" ಅಂದಳು. ನಾನು "ಜೀರಿಗೆ ಕಷಾಯ ಕುಡಿದು ಮಲಗಮ್ಮಾ, ನಾಳೆ ಮಾಡ್ತೀನಿ" ಅಂತ ಫೋನ್ ಇಟ್ಟೆ.

ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಅಮ್ಮನ ಮಾತಿನಲ್ಲಿ ಏನೋ ಒಂದು ಕೊರೆಯುತ್ತಿತ್ತು. ಡಿಸೆಂಬರ್ ತಿಂಗಳು, ಮಲೆನಾಡಿನ ಬೆಳಗು, ಹೊದ್ದುಕೊಂಡು ಕೂರುವಷ್ಟು ಚಳಿ. ಬೆವರು ಯಾಕೆ? ಅಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆ ಇರುವವರಿಗೆ, ಅದರಲ್ಲೂ ಹೆಂಗಸರಿಗೆ, ಹೃದಯಾಘಾತ ಆದಾಗ ಎದೆನೋವೇ ಬರಬೇಕೆಂದಿಲ್ಲ. ದವಡೆ ನೋವು, ತೇಗು, ವಾಕರಿಕೆ, ಸುಸ್ತು, ತಣ್ಣನೆ ಬೆವರು, ಇಷ್ಟೇ ಇರಬಹುದು. ಈ ಸಾಲನ್ನು ನಾನು ನನ್ನ ಕೈಯಾರೆ ಕಾರ್ಡಿನ ಮೇಲೆ ಬರೆದಿಟ್ಟುಕೊಂಡಿದ್ದೆ. ಅದೇ ಕಾರ್ಡು ಅಡುಗೆಮನೆಯ ಡ್ರಾಯರಿನಲ್ಲಿ ಇನ್ನೂ ಇತ್ತು!

ಮತ್ತೆ ಫೋನ್ ಮಾಡುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಅಣ್ಣ 108ಕ್ಕೆ ಕರೆ ಮಾಡಿದ. ಊರಿನ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಅಮ್ಮ ಉಳಿದಳು, ಈಗಲೂ ಇದ್ದಾಳೆ. ಆದರೆ ಹೃದಯದ ಒಂದು ಭಾಗ ಸೋತುಹೋಯಿತು. ಮೆಟ್ಟಿಲು ಹತ್ತುವಾಗ ಮಧ್ಯೆ ಮಧ್ಯೆ ನಿಲ್ಲುತ್ತಾಳೆ. ನಿಂತಾಗಲೆಲ್ಲ ನನಗೆ ಆ ಒಂದು ಗಂಟೆ ನೆನಪಾಗುತ್ತದೆ. ರಾತ್ರಿಯಿಂದ ಆಗಿದ್ದ ಹಾನಿಯಲ್ಲಿ ನನ್ನ ಪಾಲು ಎಷ್ಟು ಅಂತ ಅಳೆಯಲು ಬರುವುದಿಲ್ಲ. ಆದರೆ ಆ ಗಂಟೆ ನನ್ನದು. ಕಂಪ್ಯೂಟರಿನ ಮುಂದೆ ಪಾಸಾದವಳು ಫೋನಿನಲ್ಲಿ ಫೇಲಾಗಿದ್ದೆ. ಎದುರಿಗಿದ್ದದ್ದು "62 ವರ್ಷದ ಮಧುಮೇಹಿ ಮಹಿಳೆ" ಅಲ್ಲ, ಅಮ್ಮ. ಅಮ್ಮ "ಏನಿಲ್ಲ" ಅಂದರೆ ಏನೂ ಇಲ್ಲ ಅಂತ ನಂಬುವುದು ನಮಗೆ ಚಿಕ್ಕಂದಿನಿಂದ ಅಭ್ಯಾಸ.

2023ರಲ್ಲಿ ಪರೀಕ್ಷೆ ಬದಲಾದಾಗ ಅದರ ಹೊಸ ಭಾಗವನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. ಒಬ್ಬ ರೋಗಿಯ ಕಥೆ ಕೊಟ್ಟು ಆರು ಹೆಜ್ಜೆಯಲ್ಲಿ ಆರು ಪ್ರಶ್ನೆ ಕೇಳುತ್ತಾರೆ. ಅಮ್ಮನ ಫೋನಿಗೆ ಹೊಂದಿಸಿ ಬರೆಯುತ್ತೇನೆ, ನೋಡಿ:

1. ಕುರುಹುಗಳನ್ನು ಗುರುತಿಸು: ಬೆವರು, ದವಡೆ, ತೇಗು, ಸುಸ್ತು.
2. ಅವನ್ನು ಕೂಡಿಸಿ ನೋಡು: ಚಳಿಯಲ್ಲಿ ಬೆವರು, ಜೊತೆಗೆ ಹಳೆಯ ಸಕ್ಕರೆ ಕಾಯಿಲೆ.
3. ಏನಿರಬಹುದು, ಅದರಲ್ಲಿ ಯಾವುದು ಹೆಚ್ಚು ಅಪಾಯ: ಗ್ಯಾಸ್ ಇರಬಹುದು, ಹೃದಯವೂ ಇರಬಹುದು. ಹೃದಯ ಅಂತಲೇ ಹಿಡಿ.
4. ಏನೇನು ಮಾಡಬಹುದು: ಕಷಾಯ, ನಾಳೆ ಡಾಕ್ಟರು, ಈಗಲೇ ಆಂಬುಲೆನ್ಸ್.
5. ಮಾಡು: ಆಂಬುಲೆನ್ಸ್.
6. ಫಲ ಏನಾಯ್ತು ನೋಡು: ಫೋನ್ ಇಡಬೇಡ, ಮತ್ತೆ ವಿಚಾರಿಸು.

ನಾನು ಮೊದಲನೆಯ ಹೆಜ್ಜೆಯಿಂದ ನಾಲ್ಕನೆಯದಕ್ಕೆ ಹಾರಿ ಕಷಾಯ ಹಿಡಿದುಕೊಂಡಿದ್ದೆ. ಶನಿವಾರದ ಹುಡುಗಿಯರಿಗೆ ಈ ಕಥೆಯನ್ನೇ ಮೊದಲ ಪಾಠವಾಗಿ ಹೇಳುತ್ತೇನೆ. ಹೇಳಿದ ದಿನ ಹುಬ್ಬಳ್ಳಿ ಹುಡುಗಿ ಕಾಫಿ ಲೋಟ ಪಕ್ಕಕ್ಕಿಟ್ಟು, ಊರಿಗೆ ಫೋನ್ ಮಾಡಿ ಅವ್ವನ ಆರೋಗ್ಯ ವಿಚಾರಿಸಿದಳು. "ಏನಿಲ್ಲವ್ವಾ, ಆರಾಮ ಅದೀನಿ" ಅಂದರಂತೆ. ಅಷ್ಟಕ್ಕೆ ಬಿಡದೆ, "ನಿದ್ದಿ ಹೆಂಗ ಬರ್ತದ? ಮೆಟ್ಟಲಾ ಏರಿದ್ರ ದಮ್ಮು ಹತ್ತತದೇನು?" ಅಂತ ಒಂದೊಂದೇ ಕೇಳಿದಳು. ಅವಳು ಪಾಸಾಗುತ್ತಾಳೆ, ನನಗೆ ಅನುಮಾನವಿಲ್ಲ.

ನಿಮಗೂ ಒಂದು ಮನೆಪಾಠ. ಬೇಸಿಗೆಗೆ ನಿಮ್ಮ ಮನೆಗೂ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಬಂದ ವಾರವೇ ಅವರ ಕಾಯಿಲೆ, ಮಾತ್ರೆಗಳ ಹೆಸರು, ಎಷ್ಟು, ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. 911 ಅಂದರೇನು, ಮನೆಯ ವಿಳಾಸ ಹೇಗೆ ಹೇಳಬೇಕು ಅಂತ ಅವರಿಗೂ ಕಲಿಸಿ. "ಆರಾಮಾ?" ಅಂತ ಕೇಳಬೇಡಿ, ಅದಕ್ಕಿರುವುದು ಒಂದೇ ಉತ್ತರ. "ನಿನ್ನೆಗಿಂತ ಇವತ್ತು ಏನು ಬೇರೆ ಅನ್ನಿಸ್ತಿದೆ?" ಅಂತ ಕೇಳಿ. ಹೊಸದಾಗಿ ಏನಾದರೂ ಕಂಡು ಅನುಮಾನ ಬಂದರೆ ಇನ್ಷೂರೆನ್ಸ್ ಲೆಕ್ಕ ಹಾಕುತ್ತಾ ಕೂರದೆ ಮೊದಲು ಫೋನ್ ಎತ್ತಿ. ಕೊನೆಗೆ ಬರೀ ಗ್ಯಾಸ್ ಅಂತಾದರೆ ಎಲ್ಲರೂ ಕೂತು ನಗೋಣ.

ನಿಮ್ಮ ಮನೆಯಲ್ಲಿ ನರ್ಸಿಂಗ್ ಓದುತ್ತಿರುವ ಮಕ್ಕಳಿದ್ದರೆ, ಅಥವಾ ಊರಿನಿಂದ ನರ್ಸಿಂಗ್ ಓದಿ ಬಂದು ಮನೆಯಲ್ಲೇ ಕೂತಿರುವ ಸೊಸೆಯಂದಿರಿದ್ದರೆ, ನಮ್ಮ ಶನಿವಾರದ ಟೇಬಲ್ಲಿಗೆ ಕಳಿಸಿ. ಇನ್ನೂ ಎರಡು ಕುರ್ಚಿ ಖಾಲಿ ಇವೆ. ಫಿಲ್ಟರ್ ಕಾಫಿ ನನ್ನ ಕಡೆಯಿಂದ. ಒಮ್ಮೆ ಫೇಲಾದವರಾದರೆ ಇನ್ನೂ ಸಂತೋಷ, ನಾವಿಬ್ಬರೂ ಒಂದೇ ಬ್ಯಾಚು!

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ಎಲ್ಲರೂ ಆರೋಗ್ಯವಾಗಿರಿ.

ಸಿರಿಗನ್ನಡಂ ಗೆಲ್ಗೆ!

ಇಂತಿ ನಿಮ್ಮ,
ಫ್ರೀಮಾಂಟ್‌ನ ಒಬ್ಬ ನರ್ಸಕ್ಕ